ರಕ್ತದಲ್ಲಿ 46, ನಾಲಿಗೆಯಲ್ಲಿ 71

“ಅಕ್ಕಾ, ಅಪ್ಪನ ಪೇಪರ್‌ನಲ್ಲಿ ಕ್ರೋಮೋಸೋಮ್ ಅಂತ ಬರೆದಿದೆ. ಅಂದ್ರೆ ಇದು ನಮ್ಮ ವಂಶದಲ್ಲೇ ಇದೆ ಅಂತಾನಾ? ನನಗೂ ಬರುತ್ತಾ? ನನ್ನ ಮಗಳಿಗೆ?”

ಚಿಕ್ಕಪ್ಪನ ಮಗ ಫೋನ್ ಮಾಡಿದ್ದು ರಾತ್ರಿ ಹನ್ನೊಂದೂವರೆಗೆ. ಚಿಕ್ಕಪ್ಪನ ನಾಲಿಗೆಯ ಎಡ ಅಂಚಿನ ಗಡ್ಡೆ ತೆಗೆದು ಆಗ ಏಳು ವಾರ ಆಗಿತ್ತು. ಮಗಳನ್ನು ಮಲಗಿಸಿ, ಮನೆಯಿಂದ ಹೊರಗೆ ಬಂದು ಮಾತಾಡುತ್ತಿದ್ದಾನೆ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು.

ನಾನು 19 ವರ್ಷದಿಂದ ಸೈಟೋಜೆನೆಟಿಕ್ಸ್ ಲ್ಯಾಬ್‌ನಲ್ಲಿ ಇದ್ದೇನೆ. ಕ್ರೋಮೋಸೋಮ್ ಎಣಿಸುವುದು, ಜೋಡಿ ಹೊಂದಿಸುವುದು, ಎಲ್ಲಿ ತುಂಡಾಗಿದೆ, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅಂತ ನೋಡುವುದು ನನ್ನ ಕೆಲಸ. ಇವನು ಕೇಳಿದ ಪ್ರಶ್ನೆಯನ್ನು ಎಷ್ಟೋ ಮನೆಗಳವರು ನನ್ನ ಹತ್ತಿರ ಕೇಳಿದ್ದಾರೆ. ಕ್ರೋಮೋಸೋಮ್ ಅಂದ ಕೂಡಲೇ ಎಲ್ಲರಿಗೂ ಅಪ್ಪ, ಅಮ್ಮ, ಮಕ್ಕಳು ನೆನಪಾಗುತ್ತಾರೆ. ತಪ್ಪೇನಿಲ್ಲ, ಶಾಲೆಯಲ್ಲಿ ನಾವೆಲ್ಲ ಕಲಿತಿದ್ದು ಅಷ್ಟೇ ಅಲ್ವಾ. ಆದರೆ ಬಾಯಿ, ಗಂಟಲಿನ ಕ್ಯಾನ್ಸರ್ ವಿಷಯದಲ್ಲಿ ಈ ಒಂದು ಗೊಂದಲದಿಂದ ಜನ ಪಡುವ ಸಂಕಟ ನೋಡಿ ನೋಡಿ ನನಗೆ ಸಾಕಾಗಿದೆ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. “ಶನಿವಾರ ಲ್ಯಾಬ್ ಹತ್ರ ಬಾ. ಅಪ್ಪನದೇ ಎರಡು ಚಿತ್ರ ತೋರಿಸ್ತೀನಿ” ಅಂದೆ.

ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕಪ್ಪ ಒಪ್ಪಿದ್ದಾರೆ. “ಯಾರಿಗಾದ್ರೂ ಉಪಯೋಗ ಆಗ್ಲಿ, ಬರಿ” ಅಂದರು. ಅವರ ಬಾಯಲ್ಲಿ ‘ರ’ ಈಗ ಪೂರ್ತಿ ಹೊರಡುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಈ ಕ್ಯಾನ್ಸರ್ ಬಂದವರಿಗೆಲ್ಲ ಕ್ರೋಮೋಸೋಮ್ ಪರೀಕ್ಷೆ ಮಾಡುವುದಿಲ್ಲ. ಚಿಕಿತ್ಸೆ ತೀರ್ಮಾನ ಆಗುವುದು ಬಯಾಪ್ಸಿ, ಸ್ಕ್ಯಾನ್, ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳಕ್ಕೆ ಇಳಿದಿದೆ, ಕುತ್ತಿಗೆಯ ಗ್ರಂಥಿಗೆ ಹರಡಿದೆಯಾ ಎಂಬುದರ ಮೇಲೆ. ಚಿಕ್ಕಪ್ಪ ಆಪರೇಷನ್‌ಗೆ ಮುಂಚೆ ಒಂದು ಸಂಶೋಧನೆಗೆ ಸಹಿ ಹಾಕಿದ್ದರು. ಗಡ್ಡೆಯ ಒಂದು ಚೂರು, ಒಂದು ಟ್ಯೂಬ್ ರಕ್ತ, ಅಷ್ಟೇ. ಮನೆಯವರದ್ದು ನಾನು ನೋಡುವುದಿಲ್ಲ ಅಂತ ಹೇಳಿ ಸಹೋದ್ಯೋಗಿಗೆ ಬಿಟ್ಟುಕೊಟ್ಟೆ. ಎರಡೂ ಚಿತ್ರ ಆಮೇಲೆ ಚಿಕ್ಕಪ್ಪನ ಒಪ್ಪಿಗೆಯಿಂದ ನನ್ನ ಕೈಗೆ ಬಂದವು.

ರಕ್ತದಿಂದ ಕ್ರೋಮೋಸೋಮ್ ತೆಗೆಯುವುದು ಸುಲಭ. ಬಿಳಿ ರಕ್ತಕಣಗಳಿಗೆ ಒಂದು ಬೀಜದ ಸತ್ವ ಕೊಟ್ಟು ಎಬ್ಬಿಸುತ್ತೇವೆ, 72 ಗಂಟೆ ಬೆಚ್ಚಗೆ ಇಡುತ್ತೇವೆ. ಅವು ಒಡೆದು ಎರಡಾಗಲು ಹೊರಟಾಗ ಕೋಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ಅಲ್ಲೇ ನಿಲ್ಲಿಸುತ್ತೇವೆ. ಆಮೇಲೆ ತೆಳು ಉಪ್ಪುನೀರು. ಜೀವಕೋಶ ನೀರು ಕುಡಿದು ಊದಿಕೊಳ್ಳುತ್ತದೆ, ಒಳಗಿನ ಕ್ರೋಮೋಸೋಮ್‌ಗಳು ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ. ಮೆಥನಾಲ್, ಅಸಿಟಿಕ್ ಆಮ್ಲದಲ್ಲಿ ಗಟ್ಟಿ ಮಾಡಿ, ಮೇಲಿಂದ ಒಂದೊಂದೇ ಹನಿ ಸ್ಲೈಡ್ ಮೇಲೆ ಬಿಡುತ್ತೇವೆ. ಗೀಮ್ಸಾ ಬಣ್ಣ ಹಾಕಿದರೆ ಕಪ್ಪು ಬಿಳುಪು ಪಟ್ಟೆಗಳು ಎದ್ದು ಬರುತ್ತವೆ. ಪ್ರತಿ ಕ್ರೋಮೋಸೋಮ್‌ಗೂ ಅದರದೇ ಪಟ್ಟೆ. ಇಷ್ಟು ವರ್ಷ ಆದ ಮೇಲೆ ಅವು ನನಗೆ ಪರಿಚಯದವರ ಮುಖ ಇದ್ದ ಹಾಗೆ, ದೂರದಿಂದಲೇ ಗುರುತು ಸಿಗುತ್ತದೆ.

ಬಾಯಿಯ ಗಡ್ಡೆ ಹಾಗಲ್ಲ. ಬಾಯಿ ತುಂಬ ಬ್ಯಾಕ್ಟೀರಿಯಾ. ಚೂರು ತೆಗೆದು ಕಲ್ಚರ್‌ಗೆ, ಅಂದರೆ ಬಾಟಲಿಯ ದ್ರವದಲ್ಲಿ ಕೋಶ ಬೆಳೆಸಲು, ಹಾಕಿದರೆ ಮರುದಿನ ಬೆಳಗ್ಗೆ ದ್ರವ ಕದಡಿ ಮೋಡದಂತಾಗಿರುತ್ತದೆ, ಎಲ್ಲ ಹಾಳು. ಆ್ಯಂಟಿಬಯಾಟಿಕ್, ಶಿಲೀಂಧ್ರದ ಔಷಧಿ ಎರಡರಲ್ಲೂ ಮೇಲಿಂದ ಮೇಲೆ ತೊಳೆಯಬೇಕು. ಅದರಿಂದ ಪಾರಾದರೆ ಇನ್ನೊಂದು ಕಾಟ. ಗಡ್ಡೆಯ ಚೂರಿನಲ್ಲಿ ಕ್ಯಾನ್ಸರ್ ಕೋಶಗಳ ಜೊತೆ ಫೈಬ್ರೋಬ್ಲಾಸ್ಟ್ ಎಂಬ ಆರೋಗ್ಯವಂತ ಕೋಶಗಳೂ ಇರುತ್ತವೆ. ಬಾಟಲಿಯಲ್ಲಿ ಅವೇ ಜೋರಾಗಿ ಬೆಳೆದು ಜಾಗ ಆಕ್ರಮಿಸುತ್ತವೆ.

ನನ್ನ ಮೊದಲನೇ ನಾಲಿಗೆ ಗಡ್ಡೆಯಲ್ಲಿ ಇದೇ ಆಯಿತು. ಇಪ್ಪತ್ತು ಕೋಶ ಎಣಿಸಿದೆ, ಇಪ್ಪತ್ತರಲ್ಲೂ 46. ಎಲ್ಲ ಸರಿ ಇದೆ ಅಂತ ಬರೆದು ಹಿರಿಯರ ಮೇಜಿಗೆ ಇಟ್ಟೆ. ಅವರು ಸ್ಲೈಡ್ ನೋಡಿ, ಬಾಟಲಿ ತರಿಸಿ, ಉದ್ದುದ್ದ ಎಳೆಯಂತೆ ಬೆಳೆದಿದ್ದ ಕೋಶಗಳನ್ನು ತೋರಿಸಿದರು. “ನೀನು ಗಡ್ಡೆಯನ್ನು ಎಣಿಸಿಲ್ಲ, ಗಡ್ಡೆಯ ಪಕ್ಕದವರನ್ನು ಎಣಿಸಿದ್ದೀಯ” ಅಂದರು. ಅವತ್ತಿನಿಂದ ಬಾಯಿಯ ಸ್ಯಾಂಪಲ್‌ನಲ್ಲಿ 46 ಕಂಡರೆ ನಾನು ಅದನ್ನು ಸುಮ್ನೆ ನಂಬುವುದಿಲ್ಲ.

ಮನುಷ್ಯನಿಗೆ 46 ಕ್ರೋಮೋಸೋಮ್ ಅಂತ ನಿಖರವಾಗಿ ಗೊತ್ತಾಗಿದ್ದೇ 1956ರಲ್ಲಿ. ಸ್ವೀಡನ್‌ನ ಲುಂಡ್‌ನಲ್ಲಿ ಜೋ ಹಿನ್ ಟಿಯೊ ಮತ್ತು ಆಲ್ಬರ್ಟ್ ಲೆವಾನ್ ಎಣಿಸಿದರು. ಅಲ್ಲಿಯವರೆಗೆ ಎಲ್ಲ ಪುಸ್ತಕಗಳಲ್ಲೂ 48 ಅಂತ ಇತ್ತು. ಆದರೆ ಕ್ಯಾನ್ಸರ್‌ಗೂ ಕ್ರೋಮೋಸೋಮ್‌ಗೂ ನಂಟಿದೆ ಎಂಬ ಅನುಮಾನ ಅದಕ್ಕಿಂತ ಎಷ್ಟೋ ಹಳೆಯದು. 1890ರಲ್ಲೇ ಜರ್ಮನಿಯ ಡೇವಿಡ್ ಫಾನ್ ಹಾನ್ಸೆಮನ್, ಗಡ್ಡೆಯ ಕೋಶಗಳು ಸಮ ಪಾಲಾಗಿ ಒಡೆಯುತ್ತಿಲ್ಲ ಎಂದು ಗಮನಿಸಿದ್ದರು. 1914ರಲ್ಲಿ ಥಿಯೋಡೋರ್ ಬೊವೇರಿ, ಕಡಲ ಜೀವಿಯೊಂದರ ಮೊಟ್ಟೆಗಳನ್ನು ವರ್ಷಗಟ್ಟಲೆ ನೋಡಿದ ಅನುಭವದಿಂದ, ಕ್ರೋಮೋಸೋಮ್ ಪಾಲು ತಪ್ಪಿದ ಒಂದೇ ಒಂದು ಕೋಶದಿಂದ ಕ್ಯಾನ್ಸರ್ ಶುರುವಾಗಬಹುದು ಅಂತ ಬರೆದರು. ಆಗ ಅದನ್ನು ಸಾಬೀತು ಮಾಡುವ ದಾರಿ ಇರಲಿಲ್ಲ. ಆ ದಾರಿ ಇರುವ ಕಾಲದಲ್ಲಿ ಕೆಲಸ ಮಾಡುತ್ತಿದ್ದೇನಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಶನಿವಾರ ತಮ್ಮ ಬಂದ. ಮೇಜಿನ ಮೇಲೆ ಎರಡೂ ಚಿತ್ರ ಅಕ್ಕಪಕ್ಕ ಇಟ್ಟೆ.

ಎಡಗಡೆಯದು ಚಿಕ್ಕಪ್ಪನ ರಕ್ತ. 46. ಇಪ್ಪತ್ತೆರಡು ಜೋಡಿ, ಕೊನೆಗೆ ಒಂದು ಎಕ್ಸ್, ಒಂದು ಪುಟ್ಟ ವೈ. ಎಲ್ಲಿಯೂ ಒಂದು ಪಟ್ಟೆ ಆಚೀಚೆ ಇಲ್ಲ. ಬಲಗಡೆಯದು ಅದೇ ಮನುಷ್ಯನ ನಾಲಿಗೆಯ ಗಡ್ಡೆ. 71. ಇದು ಒಂದು ಕೋಶದ ಲೆಕ್ಕ, ಪಕ್ಕದ ಕೋಶದಲ್ಲಿ 68, ಇನ್ನೊಂದರಲ್ಲಿ 74. ವೈ ಇಲ್ಲವೇ ಇಲ್ಲ. ಕ್ರೋಮೋಸೋಮ್‌ಗೆ ಒಂದು ಸೊಂಟ ಇರುತ್ತದೆ, ಅದರ ಒಂದು ಕಡೆ ಗಿಡ್ಡ ತೋಳು, ಇನ್ನೊಂದು ಕಡೆ ಉದ್ದ ತೋಳು. ಇಲ್ಲಿ 8ನೇ ಕ್ರೋಮೋಸೋಮ್‌ನ ಎರಡು ಉದ್ದ ತೋಳುಗಳೇ ಬೆನ್ನಿಗೆ ಬೆನ್ನು ಅಂಟಿ ಒಂದಾಗಿವೆ, ಗಿಡ್ಡ ತೋಳು ಕಾಣೆ. ಮೂಲ ಯಾವುದು ಅಂತ ಹೇಳಲಾಗದ ನಾಲ್ಕು ತುಂಡುಗಳು ಚಿತ್ರದ ಕೆಳಗೆ ಬೇರೆ ಸಾಲಿನಲ್ಲಿವೆ. ನಾವು ಅವುಗಳನ್ನು ಮಾರ್ಕರ್ ಅಂತ ಕರೆಯುತ್ತೇವೆ.

ತಮ್ಮ ಎಡಗಡೆಯ ಚಿತ್ರದ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದ. “ಇದು ಅಪ್ಪನದೇನಾ? ಇಷ್ಟು ಸರಿಯಾಗಿದ್ಯಾ?”

“ಹೌದು. ನಿನಗೆ ಅಪ್ಪನಿಂದ ಬಂದಿರೋದು ಈ ಕಡೆದು. ಬಲಗಡೆ ಇರೋದೆಲ್ಲ ನಾಲಿಗೆ ಅಂಚಿನಲ್ಲಿ, ಅವರಿಗೆ ವಯಸ್ಸಾದ ಮೇಲೆ ಆಗಿದ್ದು. ಅದು ಅಲ್ಲಿಂದ ಮಕ್ಕಳಿಗೆ ಹೋಗಲ್ಲ.”

ಅವನ ಪ್ರಶ್ನೆಗೆ ಮುಖ್ಯ ಉತ್ತರ ಅಲ್ಲಿಗೆ ಸಿಕ್ಕಿತ್ತು. ಆದರೆ ಬಲಗಡೆಯ ಚಿತ್ರದಿಂದ ಅವನು ಕಣ್ಣು ತೆಗೆಯಲಿಲ್ಲ. “ಇಷ್ಟೊಂದು ಚೆಲ್ಲಾಪಿಲ್ಲಿ ಆಗೋಕೆ ಎಷ್ಟು ದಿನ ಬೇಕು?”

ಒಳ್ಳೆಯ ಪ್ರಶ್ನೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಆಸಕ್ತಿ ಇರುವುದೂ ಇದರಲ್ಲೇ. ನೋಡಿದ ಕೂಡಲೇ ಇದು ಗೊತ್ತುಗುರಿ ಇಲ್ಲದ ರಾದ್ಧಾಂತ ಅನ್ನಿಸುತ್ತದೆ. ಆದರೆ ನೂರಾರು ಜನರ ಗಡ್ಡೆ ಒಟ್ಟಿಗೆ ಇಟ್ಟು ನೋಡಿದರೆ ಕಳೆದುಹೋಗುವ ಜಾಗಗಳು ಮತ್ತೆ ಮತ್ತೆ ಅವೇ. 3ನೇ ಕ್ರೋಮೋಸೋಮ್‌ನ ಗಿಡ್ಡ ತೋಳು, ಅಂದರೆ ನಮ್ಮ ಭಾಷೆಯಲ್ಲಿ 3ಪಿ. 9ರ ಗಿಡ್ಡ ತೋಳಿನ 9ಪಿ21. 17ರ ಗಿಡ್ಡ ತೋಳು. 8ರ ಗಿಡ್ಡ ತೋಳು, 18ರ ಉದ್ದ ತೋಳು. ಜಾಸ್ತಿಯಾಗುವ ಜಾಗಗಳೂ ಅಷ್ಟೇ, 3ರ ಉದ್ದ ತೋಳು, 5ರ ಗಿಡ್ಡ ತೋಳು, 8ರ ಉದ್ದ ತೋಳು, 11ರ ಉದ್ದ ತೋಳಿನ 11ಕ್ಯೂ13.

ಇವೇ ಯಾಕೆ? 9ಪಿ21ರಲ್ಲಿ ಸಿಡಿಕೆಎನ್2ಎ ಎಂಬ ಜೀನ್ ಇದೆ. ಕೋಶ ಒಡೆಯುವ ಮುನ್ನ ‘ಸ್ವಲ್ಪ ತಡೆ’ ಎನ್ನುವ ಪಿ16 ಪ್ರೋಟೀನ್ ಇದರಿಂದ ತಯಾರಾಗುತ್ತದೆ. 17ರ ಗಿಡ್ಡ ತೋಳಿನಲ್ಲಿ ಟಿಪಿ53 ಇದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಕೆಲಸ ನಿಲ್ಲಿಸಿ ರಿಪೇರಿ ಮಾಡಿಸುವುದು, ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುವುದು ಅದರ ಕೆಲಸ. 3ಪಿ14ರಲ್ಲಿ ಎಫ್‌ಆರ್‌ಎ3ಬಿ ಎಂಬ ಜಾಗವಿದೆ, ಸ್ವಲ್ಪ ಒತ್ತಡ ಬಿದ್ದರೂ ಅಲ್ಲಿ ಕ್ರೋಮೋಸೋಮ್ ಒಡೆಯುತ್ತದೆ. ಅದೇ ಜಾಗದಲ್ಲಿ ಎಫ್‌ಎಚ್‌ಐಟಿ ಎಂಬ ಕಾವಲಿನ ಜೀನ್ ಕೂತಿದೆ. ತಂಬಾಕಿನ ನೈಟ್ರೋಸಮೀನ್‌ಗಳು, ಮದ್ಯ ದೇಹದಲ್ಲಿ ಒಡೆದಾಗ ಆಗುವ ಅಸಿಟಾಲ್ಡಿಹೈಡ್, ಅಡಿಕೆ, ಇವು ದಿನಾ ತಾಗುವುದು ಮೊದಲು ಬಾಯಿಯ ಒಳಪದರಕ್ಕೆ. 2015ರಲ್ಲಿ ಪ್ರಕಟವಾದ, ಟಿಸಿಜಿಎ ಎಂಬ ಅಮೆರಿಕದ ದೊಡ್ಡ ಕ್ಯಾನ್ಸರ್ ಜೀನ್ ಯೋಜನೆಯ ಅಧ್ಯಯನದಲ್ಲಿ ತಲೆ, ಕುತ್ತಿಗೆಯ 279 ಗಡ್ಡೆಗಳನ್ನು ಪರೀಕ್ಷೆ ಮಾಡಿದ್ದರು. ಎಚ್‌ಪಿವಿ ಎಂಬ ವೈರಸ್‌ನ ಸಂಬಂಧ ಇಲ್ಲದ ಗಡ್ಡೆಗಳಲ್ಲಿ 84% ರಷ್ಟರಲ್ಲಿ ಟಿಪಿ53 ಕೆಟ್ಟಿತ್ತು.

ಚಿಕ್ಕಪ್ಪನ ಚಿತ್ರದಲ್ಲಿ ನಾನು ತಮ್ಮನಿಗೆ ಜಾಸ್ತಿ ಹೊತ್ತು ತೋರಿಸಿದ್ದು 11ನೇ ಕ್ರೋಮೋಸೋಮ್. ಒಂದು ಸರಿಯಾಗಿದೆ. ಇನ್ನೊಂದರ ಉದ್ದ ತೋಳಿನ ನಡುವೆ ಪಟ್ಟೆಗಳೇ ಇಲ್ಲದ ಬೂದು ಭಾಗ ಇದೆ, ಯಾರೋ ರಬ್ಬರ್ ತಗೊಂಡು ಪಟ್ಟೆ ಅಳಿಸಿದ ಹಾಗೆ. ಅದರಿಂದಾಚೆ ಇರಬೇಕಾದ ತುದಿ ಇಲ್ಲ. ನಿಜ ಹೇಳಬೇಕೆಂದರೆ ಅಲ್ಲಿ ಏನೂ ಅಳಿಸಿಲ್ಲ. ಒಂದೇ ತುಣುಕು ಮತ್ತೆ ಮತ್ತೆ ನಕಲಾಗಿ ಒತ್ತೊತ್ತಾಗಿ ಕೂತಿರುವುದರಿಂದ ಹಾಗೆ ಕಾಣುತ್ತದೆ. ಫಿಶ್ ಎಂಬ ವಿಧಾನದಲ್ಲಿ ಹೊಳೆಯುವ ಬಣ್ಣದ ಗುರುತು ಹಾಕಿ ನೋಡಿದಾಗ ಇದು ಚೆನ್ನಾಗಿ ಕಾಣುತ್ತದೆ. ಸರಿಯಾದ ಕ್ರೋಮೋಸೋಮ್‌ನಲ್ಲಿ, 11ಕ್ಯೂ13ರಲ್ಲಿರುವ ಸೈಕ್ಲಿನ್ ಡಿ1 ಜೀನ್ ಒಂದು ಕೆಂಪು ಚುಕ್ಕೆ. ಕೆಟ್ಟದ್ದರಲ್ಲಿ ಕೆಂಡದ ಸಾಲು. ಸೈಕ್ಲಿನ್ ಡಿ1 ಕೋಶಕ್ಕೆ ‘ಒಡೆ, ಮುಂದೆ ಹೋಗು’ ಅನ್ನುವ ಜೀನ್. ಟಿಸಿಜಿಎಯ ವೈರಸ್ ಇಲ್ಲದ ಗಡ್ಡೆಗಳಲ್ಲಿ 31% ರಷ್ಟರಲ್ಲಿ ಈ ಜಾಗ ಹೀಗೆ ಹೆಚ್ಚಿತ್ತು.

ಅದು ಹೇಗಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕ್ರೋಮೋಸೋಮ್‌ನ ತುದಿ ಮುರಿಯಿತು ಅಂತಿಟ್ಟುಕೊಳ್ಳಿ. ಕೋಶ ಒಡೆಯುವ ಮುಂಚೆ ಅದರ ನಕಲಾಗುತ್ತದೆ. ಈಗ ಎರಡು ಮುರಿದ ತುದಿಗಳು ಪಕ್ಕ ಪಕ್ಕ. ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೋಶ ಎರಡಾಗುವಾಗ ಒಂದು ಬದಿ ಈ ಕಡೆ ಎಳೆಯುತ್ತದೆ, ಇನ್ನೊಂದು ಆ ಕಡೆ. ನಡುವೆ ಸೇತುವೆಯಂತೆ ಒಂದು ಎಳೆ ಬಿಗಿಯಾಗಿ ನಿಲ್ಲುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಅದು ಕಾಣುತ್ತದೆ, ಎರಡು ನೇರಳೆ ಮುದ್ದೆಗಳ ನಡುವೆ ಕೂದಲಿನಂಥ ದಾರ. ಕೊನೆಗೆ ಆ ದಾರ ಎಲ್ಲೋ ಒಂದು ಕಡೆ ಕಿತ್ತುಹೋಗುತ್ತದೆ, ಸರಿಯಾಗಿ ಮಧ್ಯದಲ್ಲೇ ಕಿತ್ತುಹೋಗುವುದು ಅಪರೂಪ. ಒಂದು ಮರಿಕೋಶಕ್ಕೆ ಜೀನ್ ಎರಡೆರಡು ಸಿಗುತ್ತದೆ, ಇನ್ನೊಂದಕ್ಕೆ ಇಲ್ಲ. ಸಿಕ್ಕಿದ ಕೋಶದಲ್ಲಿ ತುದಿ ಇನ್ನೂ ಮುರಿದೇ ಇದೆ. ಮುಂದಿನ ಸಲ ಮತ್ತೆ ಅಂಟು, ಮತ್ತೆ ಸೇತುವೆ, ಮತ್ತೆ ಮುರಿತ. ಈ ಚಕ್ರವನ್ನು ಮೊದಲು ಬಿಡಿಸಿ ಹೇಳಿದವರು ಬಾರ್ಬರಾ ಮೆಕ್‌ಕ್ಲಿಂಟಾಕ್, ಕಳೆದ ಶತಮಾನದ ಮೂವತ್ತು, ನಲವತ್ತರ ದಶಕಗಳಲ್ಲಿ, ಮೆಕ್ಕೆಜೋಳದ ಗಿಡ ನೋಡುತ್ತಾ. ಬಾಯಿಯ ಕ್ಯಾನ್ಸರ್‌ನ 11ಕ್ಯೂ13 ಇದೇ ದಾರಿಯಲ್ಲಿ ಬೆಳೆಯುತ್ತದೆ ಎಂದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸುಸಾನ್ ಗೋಲಿನ್ ಅವರ ತಂಡ ತೋರಿಸಿತು. ಮುರಿದು ಬಿದ್ದುಹೋಗುವ ಆ ತುದಿಯಲ್ಲಿ ಎಟಿಎಂ ಎಂಬ ಜೀನ್ ಇರುತ್ತದೆ. ಡಿಎನ್‌ಎ ತುಂಡಾಯಿತು ಅಂತ ಮೊದಲು ಕೂಗಿ ಹೇಳುವುದು ಅದೇ. ಅದು ಹೋದರೆ ಕೂಗುವವರೇ ಇಲ್ಲ. ಅಂಥ ಕೋಶಗಳು ಲ್ಯಾಬ್‌ನಲ್ಲಿ ವಿಕಿರಣಕ್ಕೂ ಸುಲಭವಾಗಿ ಬಗ್ಗುವುದಿಲ್ಲ ಎಂದು ಅದೇ ತಂಡ ಕಂಡುಕೊಂಡಿತು.

ಮೊದಲ ಸಲ ಆ ಸೇತುವೆ ನೋಡಿದಾಗ ನಾನು ಕಣ್ಣು ತೆಗೆದು ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ಕೂತಿದ್ದೆ. ಯಾರದೋ ಒಬ್ಬರ ಗಂಟಲಿನಲ್ಲಿ ಇದು ದಿನಾ ನಡೆಯುತ್ತಿತ್ತಲ್ಲ.

ಇನ್ನು ತಮ್ಮ ಕೇಳಿದ ‘ಎಷ್ಟು ದಿನ’. ದಿನಗಳಲ್ಲ, ವರ್ಷಗಳು. 1996ರಲ್ಲಿ ಜೋಸೆಫ್ ಕ್ಯಾಲಿಫಾನೊ ಮತ್ತು ಜೊತೆಗಾರರು ಬಾಯಿ, ಗಂಟಲಿನ ಗಡ್ಡೆಗಳ ಜೊತೆಗೆ ಇನ್ನೂ ಗಡ್ಡೆಯಾಗದ ಮಚ್ಚೆಗಳನ್ನೂ ಪರೀಕ್ಷಿಸಿ, ಯಾವ ಜಾಗ ಯಾವಾಗ ಹೋಗುತ್ತದೆ ಎಂಬ ಕ್ರಮ ಬರೆದರು. ಮೊದಲು 9ಪಿ21. ಆಮೇಲೆ 3ಪಿ, 17ಪಿ. ನಂತರ 11, 13, 14. ಅದರ ಮೇಲೆ ಉಳಿದವು. 9ಪಿ21 ಹೋದ ಕೋಶಗಳು ಬರಿಗಣ್ಣಿಗೆ ಹೆಚ್ಚುಕಡಿಮೆ ಮಾಮೂಲಾಗಿಯೇ ಕಾಣುವ ಪದರದಲ್ಲೂ ಇರುತ್ತವೆ. ಇದನ್ನು ಓದಿದಾಗ ನನಗೆ 1953ರ ಇನ್ನೊಂದು ಕೆಲಸ ನೆನಪಾಯಿತು. ಡ್ಯಾನ್‌ಲಿ ಸ್ಲಾಟರ್ ಮತ್ತು ಸಂಗಡಿಗರು ಬಾಯಿ ಕ್ಯಾನ್ಸರ್‌ನ 783 ರೋಗಿಗಳ ಗಡ್ಡೆ ನೋಡಿದಾಗ, ಗಡ್ಡೆಯ ಸುತ್ತಮುತ್ತಲಿನ ಪದರವೂ ಕೆಟ್ಟಿರುವುದು ಕಂಡಿತ್ತು. ಕಳೆ ಒಂದು ಕಡೆ ತಲೆ ಎತ್ತಿದರೂ ಬೇರು ಹೊಲದ ತುಂಬ ಹಬ್ಬಿರುತ್ತದಲ್ಲ, ಹಾಗೆ. ಅದಕ್ಕೇ ಒಮ್ಮೆ ಬಾಯಿ ಕ್ಯಾನ್ಸರ್ ವಾಸಿಯಾದವರಿಗೆ ಪಕ್ಕದಲ್ಲೇ ಇನ್ನೊಂದು ಹೊಸದಾಗಿ ಬರುವುದು ಉಂಟು. ಗಡ್ಡೆ ಪೂರ್ತಿ ತೆಗೆದಿದ್ದಾರೆ, ಮತ್ಯಾಕೆ ಪರೀಕ್ಷೆಗೆ ಹೋಗಬೇಕು ಅಂತ ಚಿಕ್ಕಪ್ಪ ಗೊಣಗಿದಾಗ ನಾನು ಇದನ್ನೇ ಹೇಳಿದೆ.

ಇಲ್ಲಿ ನನಗೆ ಹೊಟ್ಟೆಯಲ್ಲಿ ಸಂಕಟ ಆಗುವ ವಿಷಯ ಇದೆ. ಚಿಕ್ಕಪ್ಪನ ನಾಲಿಗೆಯ ಆ ಜಾಗದಲ್ಲಿ ಎರಡು ವರ್ಷದಿಂದ ಒಂದು ಬಿಳಿ ಮಚ್ಚೆ ಇತ್ತು. ಉಜ್ಜಿದರೆ ಹೋಗುತ್ತಿರಲಿಲ್ಲ, ನೋವೂ ಇರಲಿಲ್ಲ. ಒಬ್ಬ ವೈದ್ಯರು ಚೂಪಾದ ಹಲ್ಲು ತಾಗಿ ಆಗಿದ್ದು ಅಂತ ಹಲ್ಲು ಉಜ್ಜಿ ನಯ ಮಾಡಿ, ಹಚ್ಚಲು ಜೆಲ್ ಕೊಟ್ಟು ಕಳಿಸಿದ್ದರು. ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಲಿಲ್ಲ. ನಾನು ಆ ಎರಡು ವರ್ಷದಲ್ಲಿ ಚಿಕ್ಕಪ್ಪನ ಎದುರು ಎಷ್ಟು ಸಲ ಕೂತಿದ್ದೇನೆ. ಒಮ್ಮೆಯೂ ಬಾಯಿ ತೆರೆಯಿರಿ ಅಂತ ಕೇಳಲಿಲ್ಲ.

ಎಲ್ಲ ಬಿಳಿ ಮಚ್ಚೆ ಕ್ಯಾನ್ಸರ್ ಆಗುವುದಿಲ್ಲ, ಹೆಚ್ಚಿನವು ಆಗುವುದೇ ಇಲ್ಲ. ಯಾವುದು ಆಗುತ್ತದೆ ಅಂತ ಕ್ರೋಮೋಸೋಮ್ ಹೇಳಬಲ್ಲದೇ? ಸ್ವಲ್ಪ ಮಟ್ಟಿಗೆ ಹೇಳುತ್ತದೆ. 2000ದಲ್ಲಿ ವ್ಯಾಂಕೂವರ್‌ನ ಮಿರಿಯಮ್ ರೋಸಿನ್ ಅವರ ತಂಡ ಮಚ್ಚೆಗಳ ಹಳೆಯ ಬಯಾಪ್ಸಿಗಳನ್ನು ಪರೀಕ್ಷಿಸಿತು. 3ಪಿ ಅಥವಾ 9ಪಿ ಹೋಗಿದ್ದರೆ ಕ್ಯಾನ್ಸರ್ ಆಗುವ ಅಪಾಯ 3.8 ಪಟ್ಟು. ಅದರ ಜೊತೆ ಇನ್ನೊಂದು ತೋಳೂ ಹೋಗಿದ್ದರೆ 33 ಪಟ್ಟು. 2016ರಲ್ಲಿ ಬಂದ ಎಪಾಕ್ ಎಂಬ ಪ್ರಯೋಗದಲ್ಲಿ ಇದೇ ಅಳತೆಗೋಲು ಮತ್ತೆ ನಿಂತಿತು. ಈ ತುಣುಕುಗಳು ಕಳೆದಿದ್ದವರಲ್ಲಿ ಮೂರು ವರ್ಷ ಕ್ಯಾನ್ಸರ್ ಇಲ್ಲದೆ ಇದ್ದವರು 74%, ಕಳೆಯದವರಲ್ಲಿ 87%. ಅಪಾಯ ಇದ್ದವರಿಗೆ ಎರ್ಲೋಟಿನಿಬ್ ಮಾತ್ರೆ ಕೊಟ್ಟು ಕ್ಯಾನ್ಸರ್ ತಡೆಯಬಹುದಾ ಅಂತಲೂ ನೋಡಿದರು. ತಡೆಯಲಾಗಲಿಲ್ಲ. ಅಪಾಯ ಗೊತ್ತಾಗುತ್ತದೆ, ಅದಕ್ಕೆ ಕೊಡುವ ಮಾತ್ರೆ ಇಲ್ಲ. ಇವತ್ತಿಗೂ ಕೈಯಲ್ಲಿರುವುದು ಬಯಾಪ್ಸಿ, ಮಚ್ಚೆ ತೆಗೆಯುವುದು, ತಂಬಾಕು ಬಿಡುವುದು, ಬಿಡದೆ ಪರೀಕ್ಷೆಗೆ ಬರುವುದು.

ಈ ಮಚ್ಚೆಗಳ ವಿಷಯದಲ್ಲೇ ಒಂದು ದೊಡ್ಡ ಮೋಸವೂ ನಡೆದಿದೆ. ಕ್ರೋಮೋಸೋಮ್ ಸಂಖ್ಯೆ ಏರುಪೇರಾದ ಬಿಳಿ ಮಚ್ಚೆಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗುತ್ತವೆ ಅಂತ ನಾರ್ವೆಯ ಸಂಶೋಧಕರೊಬ್ಬರು 2001ರಲ್ಲಿ ಬಹಳ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಜಗತ್ತೆಲ್ಲ ನಂಬಿತು. ಅದೇ ವ್ಯಕ್ತಿಯ 2005ರ ಇನ್ನೊಂದು ಲೇಖನದಲ್ಲಿದ್ದ 908 ಜನರ ಮಾಹಿತಿ ಪೂರ್ತಿ ಕಟ್ಟುಕಥೆ ಅಂತ ಆಮೇಲೆ ಗೊತ್ತಾಯಿತು. ಅವರಲ್ಲಿ 250 ಜನರಿಗೆ ಹುಟ್ಟಿದ ದಿನಾಂಕ ಒಂದೇ. 2006ರಲ್ಲಿ ಎರಡೂ ಲೇಖನಗಳನ್ನು ಪತ್ರಿಕೆಗಳು ಹಿಂದಕ್ಕೆ ತೆಗೆದುಕೊಂಡವು. ನಂತರ ಬೇರೆಯವರು ಪ್ರಾಮಾಣಿಕವಾಗಿ ಮಾಡಿದ ಅಧ್ಯಯನಗಳಲ್ಲಿ ನಂಟು ಇದೆ ಅಂತ ಕಂಡಿತು, ಆದರೆ ಆ ಮಟ್ಟದ್ದಲ್ಲ. ಒಂದೊಂದು ಕೋಶ ಕಣ್ಣುನೋವು ಬರುವಷ್ಟು ಎಣಿಸುವವರಿಗೆ ಇದು ಎಷ್ಟು ಉರಿಯುತ್ತದೆ ಅಂತ ಹೇಳಲಾರೆ. ಆ ಸಂಖ್ಯೆ ನಂಬಿ ಹೆದರಿದ ರೋಗಿಗಳು ಎಷ್ಟು ಜನ ಇದ್ದರೋ.

ಚಿಕ್ಕಪ್ಪನಂಥವರ ಗಡ್ಡೆಯ ಬಗ್ಗೆಯೇ ಇಷ್ಟು ಹೇಳಿದೆ. ಎಲ್ಲ ಗಡ್ಡೆಯೂ ಹೀಗೇ ಇರುವುದಿಲ್ಲ. ಟಾನ್ಸಿಲ್, ನಾಲಿಗೆಯ ಬುಡದಲ್ಲಿ ಎಚ್‌ಪಿವಿ ವೈರಸ್‌ನಿಂದ ಬರುವ ಕ್ಯಾನ್ಸರ್ ಬೇರೆಯೇ ಜಾತಿ. ವೈರಸ್‌ನ ಇ6 ಪ್ರೋಟೀನ್, ಟಿಪಿ53 ಜೀನ್‌ನಿಂದ ತಯಾರಾಗುವ ಪಿ53 ಪ್ರೋಟೀನನ್ನು ನಾಶ ಮಾಡುತ್ತದೆ, ಇ7 ಆರ್‌ಬಿ ಎಂಬ ಇನ್ನೊಂದು ಕಾವಲನ್ನು ಕಟ್ಟಿಹಾಕುತ್ತದೆ. ಹಾಗಾಗಿ 9ಪಿ21 ಅಥವಾ ಟಿಪಿ53 ಕಳೆದುಕೊಳ್ಳುವ ಅಗತ್ಯವೇ ಅಲ್ಲಿಲ್ಲ. ತಂಬಾಕಿನ ಗಡ್ಡೆಯಲ್ಲಿ ಕಾಣೆಯಾಗುವ ಪಿ16 ಇಲ್ಲಿ ಉಕ್ಕಿ ಹರಿಯುತ್ತದೆ. ಪೆಥಾಲಜಿಯವರು ಪಿ16 ಬಣ್ಣ ಹಾಕಿ ವೈರಸ್ ಸುಳಿವು ಹಿಡಿಯುವುದು ಇದರಿಂದಲೇ. ಇವರಿಗೆ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ.

ಲಾಲಾರಸ ಗ್ರಂಥಿಯ ಗಡ್ಡೆಗಳಂತೂ ಕ್ರೋಮೋಸೋಮ್ ನೋಡುವವರಿಗೆ ಕಣ್ಣಿಗೆ ಕಟ್ಟುವಂಥವು. 71, 74ರ ಗಲಾಟೆ ಬಹಳಷ್ಟು ಸಲ ಇರುವುದಿಲ್ಲ, ಎರಡು ಕ್ರೋಮೋಸೋಮ್ ತುಣುಕು ಅದಲುಬದಲು ಮಾಡಿಕೊಂಡಿರುತ್ತವೆ ಅಷ್ಟೇ. 11 ಮತ್ತು 19 ಆದರೆ ಒಂದು ಬಗೆ, 6 ಮತ್ತು 9 ಆದರೆ ಇನ್ನೊಂದು. 12 ಮತ್ತು 15 ಅದಲುಬದಲಾದಾಗ ಇಟಿವಿ6, ಎನ್‌ಟಿಆರ್‌ಕೆ3 ಎಂಬ ಎರಡು ಜೀನ್ ಸೇರಿ ಒಂದಾಗುತ್ತವೆ. ಆ ಬೆಸುಗೆಗೆ ನೇರವಾಗಿ ಗುರಿಯಿಡುವ ಲಾರೋಟ್ರೆಕ್ಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು, ಗಡ್ಡೆ ದೇಹದ ಯಾವ ಭಾಗದಲ್ಲಿದ್ದರೂ ಸರಿ. ಕ್ರೋಮೋಸೋಮ್ ನೋಡಿದ್ದು ನೇರ ಔಷಧಿಗೆ ದಾರಿಯಾದ ಇಂಥ ದಿನಗಳಲ್ಲಿ ಲ್ಯಾಬ್‌ನಿಂದ ಮನೆಗೆ ಹೋಗುವಾಗ ಕಾಲು ಹಗುರ ಇರುತ್ತದೆ.

ತಮ್ಮ ಇಷ್ಟನ್ನೂ ಕೇಳಿ ಮತ್ತೆ ಮೊದಲಿಗೇ ಬಂದ. “ಹಾಗಾದ್ರೆ ಹುಟ್ಟಿನಿಂದ ಬರೋದು ಯಾವುದೂ ಇಲ್ವಾ?”

ಇದೆ. ಅದನ್ನು ಮುಚ್ಚಿಟ್ಟರೆ ಸುಳ್ಳು ಹೇಳಿದಂತೆ. ಫ್ಯಾಂಕೋನಿ ಅನೀಮಿಯಾ ಎಂಬ ಅಪರೂಪದ ಕಾಯಿಲೆಯಲ್ಲಿ ಡಿಎನ್‌ಎ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡಾಗ ಬಿಡಿಸುವ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿರುತ್ತದೆ. ಇವರಿಗೆ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಉಳಿದವರಿಗಿಂತ ನೂರಾರು ಪಟ್ಟು ಜಾಸ್ತಿ, ಅದೂ ಚಿಕ್ಕ ವಯಸ್ಸಿನಲ್ಲಿ. ರಕ್ತದ ಕಲ್ಚರ್‌ಗೆ, ಎಳೆಗಳನ್ನು ಕಚ್ಚಿಸುವ ಮೈಟೊಮೈಸಿನ್ ಎಂಬ ಔಷಧಿ ಹಾಕಿ ನೋಡಿದರೆ ಕ್ರೋಮೋಸೋಮ್‌ಗಳು ಚೂರುಚೂರಾಗಿ, ನಕ್ಷತ್ರದ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಯಾವ ಚಟವೂ ಇಲ್ಲದ ಎಳೆ ವಯಸ್ಸಿನವರಿಗೆ ನಾಲಿಗೆ ಕ್ಯಾನ್ಸರ್ ಬಂದರೆ ಈ ಪರೀಕ್ಷೆಯನ್ನು ಚಿಕಿತ್ಸೆಗೆ ಮುಂಚೆಯೇ ಕೇಳಬೇಕು. ಯಾಕೆಂದರೆ ಮಾಮೂಲಿ ಕೊಡುವ ಸಿಸ್ಪ್ಲಾಟಿನ್ ಡಿಎನ್‌ಎ ಎಳೆಗಳನ್ನು ಕಚ್ಚಿಸುವ ಔಷಧಿ, ಇವರ ದೇಹಕ್ಕೆ ಅದು ವಿಷ. ಇನ್ನು ಮನೆಯಲ್ಲಿ ಒಬ್ಬರಿಗೆ ಬಂದಿದ್ದರೆ ಉಳಿದವರಿಗೂ ಅಪಾಯ ಸ್ವಲ್ಪ ಜಾಸ್ತಿ ಎಂಬುದು ನಿಜ, ಅದು ಹೆಚ್ಚಾಗಿ ಎದ್ದು ಕಾಣುವುದು ತಂಬಾಕು, ಮದ್ಯ ಇರುವವರಲ್ಲಿ.

ಆ ಮಾತಿಗೆ ಅವನು ತಲೆ ತಗ್ಗಿಸಿದ. ಜೇಬಿಗೆ ಕೈ ಹಾಕಿ ತಂಬಾಕಿನ ಪೊಟ್ಟಣ ತೆಗೆದು ಮೇಜಿನ ಮೇಲೆ, ಅಪ್ಪನ ಎರಡು ಚಿತ್ರಗಳ ಪಕ್ಕ ಇಟ್ಟ. “ಹನ್ನೆರಡು ವರ್ಷದಿಂದ, ಅಕ್ಕಾ. ಬಲಗಡೆ ಕೆನ್ನೆಯಲ್ಲಿ ಇಟ್ಕೊಳ್ಳೋದು. ಅಪ್ಪನಿಗೆ ಗೊತ್ತಿಲ್ಲ.”

ನಾನು ಬೈಯಲಿಲ್ಲ. ಅವನನ್ನು ಬಾಯಿ ಪರೀಕ್ಷೆ ಮಾಡುವ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಮಚ್ಚೆ ಇರಲಿಲ್ಲ. ಬಾಯಿ ತೊಳೆಸಿ, ಎರಡೂ ಕೆನ್ನೆಯ ಒಳಗಿಂದ ಮೆತ್ತಗೆ ಕೆರೆದು ಬೇರೆ ಬೇರೆ ಸ್ಲೈಡ್ ಮಾಡಿಟ್ಟೆ. ಮುಂದಿನ ಶನಿವಾರ ಅವನೇ ಬಂದ, ಕರೆಯದೆ.

ಫ್ಯೂಲ್ಗೆನ್ ಬಣ್ಣದಲ್ಲಿ ಕೋಶದ ಮೈ ತಿಳಿ ಹಸಿರು, ನ್ಯೂಕ್ಲಿಯಸ್ ಗುಲಾಬಿ. ಬಲ ಕೆನ್ನೆಯ ಸ್ಲೈಡ್ ಇಟ್ಟು ಒಂದು ಕೋಶ ಹುಡುಕಿ ತೋರಿಸಿದೆ. ದೊಡ್ಡ ಗುಲಾಬಿ ಉಂಡೆಯ ಪಕ್ಕದಲ್ಲಿ ಅದೇ ಬಣ್ಣದ ಪುಟ್ಟ ಚುಕ್ಕೆ, ಅಂಚು ನುಣುಪು. ಮೈಕ್ರೋನ್ಯೂಕ್ಲಿಯಸ್. ಕೋಶ ಒಡೆಯುವಾಗ ಯಾವ ಕಡೆಗೂ ಸೇರದೆ ಹಿಂದೆ ಉಳಿದ ಕ್ರೋಮೋಸೋಮ್ ತುಂಡು ಅದು. ಈ ತುಂಡಾಗಿದ್ದು ಪದರದ ತಳದಲ್ಲಿ, ಒಂದರಿಂದ ಮೂರು ವಾರದ ಹಿಂದೆ. ಇದು ಕ್ಯಾನ್ಸರ್ ಪರೀಕ್ಷೆ ಅಲ್ಲ, ಆರೋಗ್ಯವಂತರಲ್ಲೂ ಸಾವಿರಕ್ಕೆ ಒಂದೆರಡು ಸಿಗುತ್ತವೆ ಅಂತ ಎರಡು ಸಲ ಹೇಳಿದೆ. ಅವನು ತಲೆಯಾಡಿಸಿದ. ಎಣಿಸುವ ಯಂತ್ರ ಕೇಳಿ ತೆಗೆದುಕೊಂಡ. ಒಂದು ಗುಂಡಿ ಮಾಮೂಲಿ ಕೋಶಕ್ಕೆ, ಒಂದು ಚುಕ್ಕೆ ಇರುವುದಕ್ಕೆ.

ಸ್ಲೈಡ್ ಅನ್ನು ಸಾಲಾಗಿ ಹೇಗೆ ಸರಿಸಬೇಕು ಅಂತ ಹೇಳಿಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಕಣ್ಣು ತೆಗೆಯದೆ ಕೇಳಿದ. “ಈ ಚುಕ್ಕೆ ಒಳಗಿರೋದು ಎಷ್ಟನೇ ಕ್ರೋಮೋಸೋಮ್?”

“ಈ ಬಣ್ಣದಲ್ಲಿ ಗೊತ್ತಾಗಲ್ಲ.”

“ಮೂರನೇದೋ ಒಂಬತ್ತನೇದೋ ಇರಬಹುದಲ್ವಾ?”

“ಇರಬಹುದು.”

ಗುಂಡಿ ಒತ್ತಿ ಸ್ಲೈಡ್ ಮುಂದಕ್ಕೆ ಸರಿಸಿದ. ಬಲ ಕೆನ್ನೆಯ ಸಾವಿರ ಮುಗಿದ ಮೇಲೆ ಎಡ ಕೆನ್ನೆಯ ಸ್ಲೈಡ್ ಕೊಡು ಅಂದ.